ಕಲ್ಲಿನ ಮೇಲೊಂದು ಗಾಡಿ

ಶ್ರಾವಣದ ಒಂದು ಸಂಜೆ ಊರಿನ ಮೂವರು ಹುಡುಗರು ಮನೆಗೆ ಬಂದರು. ಕೈಯಲ್ಲೊಂದು ನೋಟ್‌ಬುಕ್ಕು, ಪೆನ್ನು. "ಸರ, ಕಲ್ಲಿನ ಮ್ಯಾಲ ಕೊರಸಾಕ ನಾಕ ಸಾಲು ಬೇಕ್ರಿ. ನೀವು ಅವನ ಜೋಡಿ ಸಾಲಿ ಕಲ್ತವ್ರು. ಮ್ಯಾಲ ಕನ್ನಡ ಮಾಸ್ತರ್ರು. ನಿಮ್ಮನ್ನ ಬಿಟ್ಟರ ಯಾರು ಬರೀತಾರ?" ಅಂದರು.

ಬೈಲಹೊಂಗಲ ತಾಲೂಕಿನ ನಮ್ಮೂರಿನ ಅಗಸಿ ಮುಂದೆ, ಸೇನೆಯಲ್ಲಿದ್ದಾಗಲೇ ತೀರಿಕೊಂಡ ನನ್ನ ಜೊತೆಯ ಹುಡುಗನ ನೆನಪಿಗೆ ಒಂದು ಕಟ್ಟೆ ಎದ್ದಿತ್ತು. ಅದರ ಮೇಲೆ ಕಲ್ಲು ನಿಲ್ಲಿಸುವುದು ಬಾಕಿ ಇತ್ತು. ಅವನ ಹೆಸರು ನಾನಿಲ್ಲಿ ಬರೆಯುವುದಿಲ್ಲ. "ಊರಾಗ ಕಲ್ಲಿನ ಮ್ಯಾಲ ಇದ್ದರ ಸಾಕು, ಮೊಬೈಲ್‌ನ್ಯಾಗ ಬ್ಯಾಡ" ಅಂತ ಮನೆಯವರು ಹೇಳಿದ್ದಾರೆ. ಹಾಗಾಗಿ 'ಅವನು' ಅಂತಲೇ ಇರಲಿ.

ನಾಲ್ಕು ಸಾಲು ತಾನೆ? ಹತ್ತು ನಿಮಿಷದಲ್ಲಿ ಬರೆದು ಕೊಟ್ಟೆ. ಭಾರತಾಂಬೆ, ವೀರಸ್ವರ್ಗ, ನೆತ್ತರ ತರ್ಪಣ, ಅಮರ ಎಲ್ಲ ಬಂದಿತ್ತು. ಪ್ರಾಸವೂ ಚೆನ್ನಾಗಿ ಕೂತಿತ್ತು. ಹುಡುಗರು ಖುಷಿಯಿಂದ ಫೋಟೊ ಹೊಡೆದುಕೊಂಡು ಹೋದರು. ಮನೆಯವರಿಗೂ ಒಂದು ಮಾತು ತಿಳಿಸಿದ ಹಾಗಾಗಲಿ ಅಂತ ಮರುದಿನ ಅವನ ಅವ್ವನ ಮುಂದೆ ಓದಿದೆ. ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಪೂರ್ತಿ ಕೇಳಿದಳು.

"ಚಲೋ ಐತಿ ತಮ್ಮಾ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಯಾರಿಗೆ ಬರದದ್ದು ಇದು?" ಅಂತ ಕೇಳಿದಳು.

ಚುಚ್ಚಲಿಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗಿರಲಿಲ್ಲ.

ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಹುಡುಗರಿಗೆ ಫೋನ್ ಮಾಡಿ, ಕಲ್ಲಿನವನಿಗೆ ಇನ್ನೂ ಕೊಡಬೇಡಿ ಅಂದೆ.

ಅವನು ಶಾಲೆಯಲ್ಲಿ ಅಂಥ ಹುಷಾರಿ ಹುಡುಗ ಏನಲ್ಲ. ಇತಿಹಾಸದಲ್ಲಂತೂ ಪ್ರತಿ ಸಲ ಕುಂಟುತ್ತಲೇ ಪಾಸು. ಆದರೆ ಹದಿನೈದು ವರ್ಷಕ್ಕೇ ಅವರ ಕಾಕಾನ ಟ್ರ್ಯಾಕ್ಟರ್ ಓಡಿಸುತ್ತಿದ್ದ. (ಓಡಿಸಬಾರದಿತ್ತು, ಗೊತ್ತು. ನಮ್ಮ ಕಡೆ ಹೊಲದ ದಾರಿಯಲ್ಲಿ ಲೈಸೆನ್ಸ್ ಯಾರು ಕೇಳುತ್ತಾರೆ?) ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿ, ತಲೆ ಮೇಲೆ ತಲೆ ಕಬ್ಬು ಹೇರಿ ಫ್ಯಾಕ್ಟರಿಗೆ ಹೋಗುತ್ತಾರಲ್ಲ, ಆ ಗಾಡಿ ಮುಂದಕ್ಕೆ ಓಡಿಸುವುದು ಯಾರಿಗಾದರೂ ಬರುತ್ತದೆ. ರಿವರ್ಸ್ ತೆಗೆಯುವುದರಲ್ಲಿ ಇರುವುದು ಮಜಾ. ಎಡಕ್ಕೆ ತಿರುಗಿಸಿದರೆ ಮೊದಲ ಟ್ರೇಲರ್ ಬಲಕ್ಕೆ, ಎರಡನೆಯದು ಇನ್ನೆಲ್ಲಿಗೋ. ದೊಡ್ಡ ಡ್ರೈವರುಗಳೂ ಬೆವರುತ್ತಿದ್ದರು. ಅವನು ಹಿಂದೆ ಸರಿಯಾಗಿ ನೋಡದೆಯೇ ತೆಗೆದುಬಿಡುತ್ತಿದ್ದ. ಹಾಡು ಬೇರೆ ಹೇಳುತ್ತಿದ್ದ.

ಆಮೇಲೆ ಫೌಜಿನ ಹುಚ್ಚು. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಹುಡುಗರಿಗೆ ಇದು ಹೊಸದೇನಲ್ಲ. 1922ರಿಂದ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇದೆ. ಆ ರೆಜಿಮೆಂಟಿನ ಬೇರು 1768ಕ್ಕೆ ಹೋಗುತ್ತದೆ. ಕ್ಯಾಂಪ್ ಕಡೆ ಬಸ್ಸು ಹಾದಾಗ ಕಿಟಕಿಯಲ್ಲಿ ಇಣುಕಿ ಕವಾಯತು ನೋಡಿಯೇ ನಾವೆಲ್ಲ ದೊಡ್ಡವರಾದದ್ದು. ಬೆಳಗಿನ ನಾಲ್ಕಕ್ಕೆ ಎದ್ದು ಡಾಂಬರು ರಸ್ತೆಯಲ್ಲಿ ಓಡುವ ಹುಡುಗರ ಗುಂಪು ಇಂದಿಗೂ ಪ್ರತಿ ಊರಿನಲ್ಲಿದೆ. ಸೇನೆಯ ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್‌ಅಪ್‌ಗೆ 40. ಈ ಲೆಕ್ಕ ನಮ್ಮ ಕಡೆಯ ತಾಯಂದಿರಿಗೂ ಬಾಯಿಪಾಠ. ಎರಡು ರ‍್ಯಾಲಿಯಲ್ಲಿ ಅವನು ಬಿದ್ದುಹೋದ. ಮೂರನೆಯದರಲ್ಲಿ ಗೆದ್ದ.

ಬಂದೂಕು ಹಿಡಿಯಲಿಕ್ಕೆ ಹೋದವನ ಕೈಗೆ ಸ್ಟಿಯರಿಂಗ್ ಕೊಟ್ಟರು. ಆರ್ಮಿ ಸರ್ವಿಸ್ ಕೋರ್. ಸೇನೆಗೆ ರೇಷನ್ನು, ಎಣ್ಣೆ, ಇತರ ಸಾಮಾನು ಮುಟ್ಟಿಸುವ ದಳ. ಅವರ ಧ್ಯೇಯವಾಕ್ಯ 'ಸೇವಾ ಅಸ್ಮಾಕಂ ಧರ್ಮಃ'. ಮೊದಲ ರಜೆಗೆ ಬಂದಾಗ ಮುಖ ಸಣ್ಣದು ಮಾಡಿಕೊಂಡಿದ್ದ. "ಟ್ರ್ಯಾಕ್ಟರ್ ಹೊಡಿಯೋದು ಬಿಟ್ಟು ಇಷ್ಟ ದೂರ ಹೋದ್ನಿ, ಅಲ್ಲೂ ಗಾಡೀನ ಹೊಡಿ ಅಂದ್ರು ನೋಡಪಾ" ಅಂತ ನನ್ನ ಹತ್ತಿರ ಗೊಣಗಿದ. ಎರಡನೆಯ ರಜೆಗೆ ಬಂದಾಗ ಆ ಮಾತೇ ಇಲ್ಲ. ಆಗಲೇ ಗುಡ್ಡ ಹತ್ತಿಳಿದು ಬಂದಿದ್ದ.

ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಜೋಜಿ ಲಾ ಅಂತ ಒಂದು ಕಣಿವೆ ಬರುತ್ತದೆ. 11,500 ಅಡಿಗೂ ಎತ್ತರ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ತಿಂಗಳುಗಟ್ಟಲೆ ಮುಚ್ಚುತ್ತಿತ್ತು. ಮೇಲಿನ ಠಾಣೆಗಳಲ್ಲಿ ಇರುವವರು ಅಷ್ಟು ದಿನ ಏನು ತಿನ್ನಬೇಕು, ಏನು ಉರಿಸಿ ಮೈ ಕಾಯಿಸಿಕೊಳ್ಳಬೇಕು? ಅದಕ್ಕೆ ದಾರಿ ತೆರೆದಿರುವಾಗಲೇ ಅಕ್ಕಿ, ಹಿಟ್ಟು, ಬೇಳೆ, ಸೀಮೆಎಣ್ಣೆ, ಡಬ್ಬಿ ಊಟ, ಮದ್ದುಗುಂಡು ಎಲ್ಲ ಮೇಲೆ ಮುಟ್ಟಿಸಬೇಕು. ಸೇನೆಯವರು ಇದನ್ನು 'ವಿಂಟರ್ ಸ್ಟಾಕಿಂಗ್' ಅನ್ನುತ್ತಾರೆ. ನಮ್ಮ ಅವ್ವಂದಿರು ಮಳೆಗಾಲಕ್ಕೆ ಮೊದಲು ಕಟ್ಟಿಗೆ, ಕುಳ್ಳು ಒಳಗೆ ಹಾಕುತ್ತಾರಲ್ಲ, ಅದೇ. ಅವನ ಕೆಲಸ ಅದಾಗಿತ್ತು. ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ, ಮುಂದೆ ಹಿಂದೆ ಕಾನ್ವಾಯ್. ಮಂಜು ಇದ್ದರೆ ಗಾಲಿಗೆ ಚೈನು ಕಟ್ಟಬೇಕು. "ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋದ ಒಂದು ಲಡಾಯಿ" ಅನ್ನುತ್ತಿದ್ದ.

ಇತಿಹಾಸದಲ್ಲಿ ಕುಂಟುತ್ತಿದ್ದವನು ನನಗೇ ಇತಿಹಾಸ ಹೇಳಿದ. 1948ರ ನವೆಂಬರ್ 1ರಂದು ಅದೇ ಜೋಜಿ ಲಾಕ್ಕೆ ಟ್ಯಾಂಕು ಹತ್ತಿಸಿದ್ದು ಗೊತ್ತೇನು ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದು ಅಂತ ಎದುರಿನವರು ಕನಸಿನಲ್ಲೂ ಎಣಿಸಿರಲಿಲ್ಲ. ಮಾಡಿಸಿದ್ದು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. "ಟ್ಯಾಂಕ್ ಹತ್ತಿದ ದಾರ‍್ಯಾಗ ನಾ ಬ್ಯಾಳಿ ಚೀಲ ಹತ್ತಸ್ತೇನಿ" ಅಂತ ನಕ್ಕ. ಆ ನಗುವಿನಲ್ಲಿ ಹೆಮ್ಮೆ ಇತ್ತು. ಸ್ವಲ್ಪ ಅಲ್ಲ, ಜಾಸ್ತಿನೇ ಇತ್ತು.

ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಎಲ್ಲ ಸಿಕ್ಕಿತು ಅಂತಲೇ ಹಿಡಿಯಿರಿ, ಹದಿನಾಲ್ಕು ವರ್ಷದಲ್ಲಿ ಊರಿನಲ್ಲಿ ಇದ್ದದ್ದು ಮೂರೂವರೆ ವರ್ಷ. ಅದರಲ್ಲೂ ರೈಲಿನಲ್ಲಿ ಎಷ್ಟು ದಿನ ಹೋಯಿತೋ. ಗೋವಾ ಎಕ್ಸ್‌ಪ್ರೆಸ್ಸಿಗೆ ಬೆಳಗಾವಿ ಸ್ಟೇಷನ್ನಿಗೆ ಬಿಡಲಿಕ್ಕೆ ನಾನೂ ಎಷ್ಟೋ ಸಲ ಹೋಗಿದ್ದೇನೆ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಕಡಕ್ ರೊಟ್ಟಿಯ ಗಂಟು. ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಜೊತೆಯವರಿಗೆ ಅಂತ ಗೋಕಾಕ ಕರದಂಟು. ಕರದಂಟು ದಿಲ್ಲಿ ತಲುಪುವ ಮೊದಲೇ ಖಾಲಿ. ರೊಟ್ಟಿ ಮಾತ್ರ ಮೇಲೆ ತನಕ ಹೋಗುತ್ತಿತ್ತಂತೆ. ಪಂಜಾಬಿನವರು ಮೊದಲು ಇದನ್ನು ಹಪ್ಪಳ ಅಂದುಕೊಂಡು ಕಡಿದರಂತೆ.

ಪಿಂಚಣಿಗೆ ಬೇಕಾದ ಹದಿನೈದು ವರ್ಷ ಮುಗಿಯಲಿಕ್ಕೆ ಕೆಲವೇ ತಿಂಗಳು ಬಾಕಿ ಇತ್ತು. ಒಂದು ಏಪ್ರಿಲ್‌ನಲ್ಲಿ, ದಾರಿ ಆಗಷ್ಟೇ ತೆರೆದಿದ್ದಾಗ, ಮೇಲಿನಿಂದ ಹಿಮ ಜಾರಿ ಬಿತ್ತು. ಅವನ ಗಾಡಿ ಅದರಡಿ ಸಿಕ್ಕಿತು.

ಮಣ್ಣಿಗೆ ಹತ್ತೂರಿನ ಜನ ಬಂದಿದ್ದರು. ಸಾಂಬ್ರಾ ವಿಮಾನ ನಿಲ್ದಾಣದಿಂದ ಊರಿನವರೆಗೆ ದಾರಿಯುದ್ದಕ್ಕೂ ಶಾಲೆ ಮಕ್ಕಳು, ಕೈಯಲ್ಲಿ ಹೂವು. ಅದನ್ನೆಲ್ಲ ನೀವು ಟಿವಿಯಲ್ಲಿ ನೋಡಿದ್ದೀರಿ, ನಾನು ಮತ್ತೆ ಬಣ್ಣಿಸುವುದಿಲ್ಲ. 'ಶೋಕ ಶಸ್ತ್ರ' ಅಂತ ಕೂಗಿದಾಗ ಸೈನಿಕರು ಬಂದೂಕಿನ ಮೂತಿ ಕೆಳಗೆ ಮಾಡಿ ತಲೆ ಬಾಗಿಸಿದರು. ಮೂರು ಸುತ್ತು ಗುಂಡು ಹಾರಿಸಿದರು. ಬ್ಯೂಗಲ್ ಊದಿದರು. ಧ್ವಜವನ್ನು ಮಣ್ಣಿಗಿಳಿಸುವ ಹಾಗಿಲ್ಲ, ಸುಡುವ ಹಾಗೂ ಇಲ್ಲ. ಮಡಚಿ ಹೆಂಡತಿಯ ಕೈಗೆ ಕೊಟ್ಟರು. ಅವರು ಅದನ್ನು ಎರಡು ಕೈ ಚಾಚಿ ಇಸಿದುಕೊಂಡರು, ಉಡಿ ತುಂಬುವಾಗ ಸೆರಗೊಡ್ಡಿದ ಹಾಗೆ.

ಊರಿನಲ್ಲಿ 1971ರ ಯುದ್ಧ ನೋಡಿದ ಮಾಜಿ ಸೈನಿಕ ಮುತ್ತ್ಯಾ ಒಬ್ಬರಿದ್ದಾರೆ. ಆ ದಿನ ನನ್ನ ಪಕ್ಕ ನಿಂತಿದ್ದರು. "ಇಂವ ಊರಿಗರ ಬಂದ" ಅಂದರು. ಅವರ ಕಾಲದಲ್ಲಿ ಹೆಣ ಊರಿಗೆ ಬರುವ ಪದ್ಧತಿ ಇರಲಿಲ್ಲ. ಎಲ್ಲಿ ಬಿದ್ದರೋ ಅಲ್ಲೇ ಹತ್ತಿರದಲ್ಲಿ ಸಂಸ್ಕಾರ ಆಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಂತಿ, ಆಮೇಲೆ ಸಾಮಾನು. ಪ್ರತಿ ಮನೆಗೂ ಮಗನನ್ನು ಕಳಿಸಿಕೊಡುವ ರೂಢಿ ಶುರುವಾದದ್ದು 1999ರ ಕಾರ್ಗಿಲ್ ಯುದ್ಧದಿಂದ.

ಗುಂಪಿನಲ್ಲಿ ಇನ್ನೊಂದು ಮಾತೂ ನನ್ನ ಕಿವಿಗೆ ಬಿತ್ತು. "ಗುಂಡು ಹತ್ತಿತ್ತೇನು?" ಇಲ್ಲ, ಹಿಮ ಬಿತ್ತಂತೆ ಅಂತ ಯಾರೋ ಹೇಳಿದರು. "ಹೌದಾ..." ಅಂತ ಆ ದನಿ ಒಂದು ಮೆಟ್ಟಿಲು ಕೆಳಗಿಳಿಯಿತು. ನನಗೆ ಸಿಟ್ಟು ಬಂತು. ಆದರೆ ನಿಜ ಹೇಳಬೇಕೆಂದರೆ, ನನ್ನ ನಾಲ್ಕು ಸಾಲಿನಲ್ಲೂ 'ನೆತ್ತರ ತರ್ಪಣ' ಇತ್ತು. ನಾನೂ ಅವನಿಗೆ ಇಲ್ಲದ ಗುಂಡು ಹೊಡೆಸಿದ್ದೆ.

ಸಿಯಾಚಿನ್‌ಗೆ ನಮ್ಮ ಸೇನೆ ಹತ್ತಿದ್ದು 1984ರ ಏಪ್ರಿಲ್ 13ರಂದು. ಅಂದಿನಿಂದ ಅಲ್ಲಿ ಎದುರಾಳಿಯ ಗುಂಡಿಗಿಂತ ಚಳಿ, ಎತ್ತರ, ಹಿಮಪಾತಕ್ಕೆ ಸತ್ತವರೇ ಹೆಚ್ಚು. 2016ರ ಫೆಬ್ರವರಿ 3ರಂದು ಅಲ್ಲಿನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ತುಕಡಿಯಲ್ಲಿದ್ದ ಹತ್ತು ಜನ ಹೂತುಹೋದರು. ಆರು ದಿನದ ಮೇಲೆ ಒಬ್ಬರು ಉಸಿರಾಡುತ್ತಾ ಸಿಕ್ಕರು. ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನಮ್ಮ ಧಾರವಾಡದ ಹುಡುಗ. ಆ ಮೂರು ದಿನ ನಮ್ಮ ಕಡೆ ಗುಡಿ, ಮಠ, ದರ್ಗಾ ಎಲ್ಲ ಕಡೆ ಅವರಿಗಾಗಿ ಬೇಡಿಕೊಂಡರು. ಫೆಬ್ರವರಿ 11ಕ್ಕೆ ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಗುಂಡು ಹತ್ತಿತ್ತೇ ಅಂತ ಆಗ ಯಾರೂ ಕೇಳಲಿಲ್ಲ, ಅಲ್ವಾ? ಇಂಥ ಕಡೆ ಹಿಮದಡಿ ಸಿಕ್ಕು ಸತ್ತವರನ್ನೂ ಸೇನೆ ತನ್ನ ಕಾಗದದಲ್ಲಿ 'ಬ್ಯಾಟಲ್ ಕ್ಯಾಶುಯಲ್ಟಿ' ಅಂತಲೇ ಬರೆದುಕೊಳ್ಳುತ್ತದೆ. ನಾವು ಬ್ಯಾನರಿನಲ್ಲಿ ಬರೆಯುವ 'ಹುತಾತ್ಮ'ಕ್ಕೆ ಸೇನೆಯ ಕಾಗದದಲ್ಲಿ ಜಾಗವಿಲ್ಲ. ಆದರೂ ಆ ಕಾಗದ ನಮ್ಮ ಗುಂಪಿಗಿಂತ ಉದಾರಿ.

ಅವ್ವ ಆ ಪ್ರಶ್ನೆ ಕೇಳಿದ ಮೇಲೆ ಮತ್ತೆ ಅವರ ಮನೆಗೆ ಹೋದೆ. ಈ ಸಲ ಓದಲಿಕ್ಕಲ್ಲ, ಕೇಳಲಿಕ್ಕೆ. ಅವನ ಹೆಂಡತಿ, ನನಗೆ ವೈನಿ, ಚಹಾ ಕೊಟ್ಟರು. ಒಳಗಿನಿಂದ ಒಂದು ಕರಿ ಟ್ರಂಕು ತಂದು ನಡುಮನೆಯಲ್ಲಿ ಇಟ್ಟರು. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು. ಅವನು ಹೋಗಿ ಒಂದು ತಿಂಗಳಿಗೆ ಯುನಿಟ್ಟಿನ ಇಬ್ಬರು ತಂದುಕೊಟ್ಟದ್ದು. ಇಸ್ತ್ರಿ ಮಾಡಿದ ಸಮವಸ್ತ್ರ. ಗಡ್ಡದ ಸೆಟ್ಟು. ಮೂರು ಪದಕ. ಒಂದು ಸೈನ್ಯ ಸೇವೆಯದು, ಒಂದು ಎತ್ತರದ ಪ್ರದೇಶದಲ್ಲಿ ದುಡಿದದ್ದಕ್ಕೆ, ಇನ್ನೊಂದು ಒಂಬತ್ತು ವರ್ಷ ಪೂರೈಸಿದ್ದಕ್ಕೆ. ಸಾವಿಗೆ ಸಿಕ್ಕಿದ್ದು ಒಂದೂ ಇಲ್ಲ, ಎಲ್ಲ ಬದುಕಿಗೆ ಸಿಕ್ಕಿದ್ದು. ಶೇಂಗಾ ಕಟ್ಟಿದ್ದ ಕನ್ನಡ ಪತ್ರಿಕೆಯ ಹಾಳೆಯನ್ನೂ ಮಡಚಿ ಇಟ್ಟುಕೊಂಡಿದ್ದ.

ಪಕ್ಕದಲ್ಲಿ ಇನ್ನೊಂದು ಟ್ರಂಕು ಇತ್ತು. ಅದೇನು ಅಂದೆ. "ಶಾಲ್ರಿ" ಅಂದರು. ಪ್ರತಿ ಆಗಸ್ಟ್ 15, ಪ್ರತಿ ಜನವರಿ 26, ಕನ್ನಡ ರಾಜ್ಯೋತ್ಸವ, ಜಾತ್ರೆ, ಯಾರದೋ ಪಕ್ಷದ ಸಭೆ. ಕರೆದು ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟು, ಫೋಟೊ ತೆಗೆಸಿಕೊಂಡು ಕಳಿಸುತ್ತಾರೆ. "ಮೂವತ್ನಾಲ್ಕು ಅದಾವ್ರಿ. ಥಂಡಿ ನಮ್ಮೂರಾಗ ಅಷ್ಟ ಎಲ್ಲೈತಿ?" ಅಂದರು. ಅವರು ನಕ್ಕರು, ನನಗೆ ನಗು ಬರಲಿಲ್ಲ. ಪಿಂಚಣಿ ಕಾಗದದಲ್ಲಿ ಅವರ ಹೆಸರಿನ ಕೊನೆಗೆ 'ಅವ್ವ' ಇತ್ತು, ಬ್ಯಾಂಕಿನ ಪುಸ್ತಕದಲ್ಲಿ 'ಅಮ್ಮ' ಇತ್ತು. ಇಬ್ಬರೂ ಒಬ್ಬರೇ ಅಂತ ಸಾಬೀತು ಮಾಡಲಿಕ್ಕೆ ಎಂಟು ತಿಂಗಳು ಓಡಾಡಿದರು. ಆ ಎಂಟು ತಿಂಗಳಲ್ಲೇ ಏಳು ಶಾಲು ಬಂದವು. ಶಾಲು ಹೊದಿಸಿದವರಲ್ಲಿ ನಾನೂ ಒಬ್ಬ, ಶಾಲೆಯ ಪರವಾಗಿ. ಪಿಂಚಣಿ ಏನಾಯಿತು ಅಂತ ನಾನೂ ಕೇಳಿರಲಿಲ್ಲ.

ಟ್ರಂಕಿನ ತಳದಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು ಇತ್ತು. ಅವನದೇ ಅಕ್ಷರ, ಶಾಲೆಯಲ್ಲಿದ್ದಷ್ಟೇ ಕೆಟ್ಟದು. ಪ್ರತಿ ಸಲ ಗಾಡಿ ಹೊರಡಿಸಿದ್ದರ ಲೆಕ್ಕ. ಜಾಗದ ಹೆಸರಿಲ್ಲ, ಸಾಮಾನಿನ ವಿವರ ಇಲ್ಲ. ಬರೆಯುವ ಹಾಗಿಲ್ಲ ಅಂತ ಅವನಿಗೆ ಗೊತ್ತಿತ್ತು. ತಾರೀಖು, ಓಡಿಸಿದ ಕಿಲೋಮೀಟರ್, ಮುಂದೆ ಎರಡೋ ಮೂರೋ ಮಾತು. 'ಕಲ್ಲು ಬಿದ್ದಿತ್ತು. 4 ತಾಸು ನಿಂತ್ವಿ.' 'ಬಿಸಲ ಚಲೋ ಇತ್ತು.' 'ಮನಿಗೆ ಫೋನ್ ಹತ್ತಲಿಲ್ಲ.' 'ಇವತ್ತ ಮಗಾ ಹುಟ್ಯಾನ. ಸಾವಕಾಶ ಹೊಡದ್ನಿ.' ಕಿಲೋಮೀಟರನ್ನೆಲ್ಲ ಮಗನೇ ಕೂಡಿಸಿದ್ದಾನೆ. ಐದನೇ ಕ್ಲಾಸು. ಎರಡು ಲಕ್ಷಕ್ಕೂ ಜಾಸ್ತಿ ಬಂತಂತೆ.

ಆ ಮಗನನ್ನು ಕರೆದುಕೊಂಡು ವೈನಿ ಒಮ್ಮೆ ದಿಲ್ಲಿಗೂ ಹೋಗಿದ್ದರು. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ. ಅಲ್ಲಿ ತ್ಯಾಗ ಚಕ್ರ ಅಂತ ಇದೆ. ಸುತ್ತು ಸುತ್ತಾದ ಗೋಡೆ, 25 ಸಾವಿರಕ್ಕೂ ಹೆಚ್ಚು ಹೆಸರು, ಒಬ್ಬೊಬ್ಬರಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆ. ಹುಡುಕಿ ಅಪ್ಪನ ಹೆಸರಿನ ಮೇಲೆ ಕೈ ಇಟ್ಟನಂತೆ. ಅಲ್ಲಿ ಹೆಸರು ಇದ್ದರೆ ಸಾಕು. ಊರಿನ ಅಗಸಿಯಲ್ಲಿ ಸಾಲದು ಅಂತ ನನಗೆ ಅನಿಸಿದ್ದು ಆಗಲೇ. ಇಲ್ಲಿ ಅವನನ್ನು ಬಲ್ಲವರಿದ್ದಾರೆ.

ಮುಂದಿನ ಅಮಾವಾಸ್ಯೆಗೆ ಹನಮಪ್ಪನ ಗುಡಿಯಲ್ಲಿ ಕಮಿಟಿ ಕೂಡಿತು. ಕಲ್ಲಿನ ಮೇಲೆ ಚಿತ್ರ ಏನು ಇರಬೇಕು ಅನ್ನುವುದೇ ದೊಡ್ಡ ಚರ್ಚೆ. ಒಂದು ಕಾಲು ಬಂಡೆ ಮೇಲೆ ಇಟ್ಟು, ಬಂದೂಕು ಎತ್ತಿ, ಧ್ವಜ ಹಿಡಿದ ಸೈನಿಕ. ಮೊಬೈಲಿನಲ್ಲಿ ಮಾದರಿ ತಂದಿದ್ದರು. ನಾನು, "ಅವನು ಗಾಡಿ ಓಡಿಸುತ್ತಿದ್ದ. ಗಾಡಿ ಇರಲಿ" ಅಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. "ಡ್ರೈವರ್ ಅಂತ ಬರದರ ಕಡಿಮಿ ಆಗ್ತದರಿ ಸರ" ಅಂತ ಒಬ್ಬ ಮೆಲ್ಲಗೆ ಹೇಳಿದ. ಅವನ ತಪ್ಪಲ್ಲ. ನಮ್ಮ ತಾಲೂಕಿನ ಸಂಗೊಳ್ಳಿಯ ರಾಯಣ್ಣನನ್ನು ನಾವು ಯಾವಾಗಲೂ ಕತ್ತಿ ಹಿಡಿದೇ ನೋಡಿದ್ದು. ಅದೇ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡದಲ್ಲಿ ಅವನ ಸಮಾಧಿ ಹತ್ತಿರ ಒಂದು ಆಲದ ಮರ ಇದೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಅದಕ್ಕೆ ತೊಟ್ಟಿಲು ಕಟ್ಟುತ್ತಾರೆ. ಕತ್ತಿಗಿಂತ ನನಗೆ ಆ ತೊಟ್ಟಿಲುಗಳೇ ಹೆಚ್ಚು ನೆನಪು.

ಅದೇ ಗುಡಿಯ ಹಿಂದೆ ಒಂದು ಹಳೆಯ ವೀರಗಲ್ಲು ಇದೆ. ಎಣ್ಣೆ, ಅರಿಶಿಣ ಹಚ್ಚಿ ಹಚ್ಚಿ ಕಪ್ಪಾಗಿದೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತಿರುವುದು. ಹುಡುಗರನ್ನು ಅಲ್ಲಿಗೇ ಕರೆದುಕೊಂಡು ಹೋದೆ. ನಮ್ಮ ಹಿರಿಯರು ಇಂಥ ಕಲ್ಲು ಸಾವಿರಗಟ್ಟಲೆ ನಿಲ್ಲಿಸಿದ್ದಾರೆ. ಅವರು ಒಂದೇ ಅಚ್ಚಿನಲ್ಲಿ ಎಲ್ಲರನ್ನೂ ಹಾಕಲಿಲ್ಲ. ದನ ಬಿಡಿಸಲಿಕ್ಕೆ ಹೋಗಿ ಸತ್ತವನ ಕಲ್ಲಿನಲ್ಲಿ ದನ ಇವೆ. ಹಡಗಿನ ಕಾಳಗದಲ್ಲಿ ಸತ್ತವರಿಗೆ ಮುಂಬಯಿಯ ಏಕ್ಸಾರದಲ್ಲಿ ನಿಲ್ಲಿಸಿದ ಕಲ್ಲುಗಳಲ್ಲಿ ಹಡಗು, ಹುಟ್ಟು ಹಾಕುವವರು ಎಲ್ಲ ಇದ್ದಾರೆ. ಮಂಡ್ಯದ ಕಡೆಯ ಆತಕೂರಿನ ಕಲ್ಲು ಸುಮಾರು 950ರದು. ಅದರ ಮೇಲೆ ಒಂದು ನಾಯಿ, ಒಂದು ಹಂದಿ. ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು. ಆ ನಾಯಿಗೆ ಯಾರೂ ಕತ್ತಿ ಹಿಡಿಸಲಿಲ್ಲ. ನಾಯಿಯನ್ನು ನಾಯಿಯಾಗಿಯೇ ಕೆತ್ತಿದರು. ಇನ್ನೊಂದು ವಿಷಯ. ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಅವರು ಶಾಲು ಹೊದಿಸಿ ಕಳಿಸುತ್ತಿರಲಿಲ್ಲ ಅಂತ ಹೇಳಬೇಕೆಂದುಕೊಂಡೆ, ನನ್ನದೇ ಶಾಲು ನೆನಪಾಗಿ ಸುಮ್ಮನಾದೆ.

ನನ್ನ ಪಾಠದಿಂದ ಯಾರೂ ಒಪ್ಪಲಿಲ್ಲ. ಮಾಸ್ತರನ ಮಾತು, ಕೇಳಿ ಬಿಟ್ಟರು. ಒಪ್ಪಿಸಿದ್ದು ಮುತ್ತ್ಯಾ. ಬಡಿಗೆ ಊರಿಕೊಂಡು ಕಟ್ಟೆ ಮೇಲೆ ಕೂತಿದ್ದವರು ಕೇಳಿದರು. "ಗಾಡಿ ಬರದಿದ್ದರ ನಾವು ಅಲ್ಲಿ ಏನು ತಿಂತಿದ್ವಿ? ಬಂದೂಕ ತಿಂತಿದ್ವೇನು?"

ಚರ್ಚೆ ಮುಗಿಯಿತು.

ಕಲ್ಲು ಇಳಕಲ್‌ದು, ಕೆಂಪು ಗ್ರಾನೈಟು. ಕೆತ್ತುವವನು ಗಾಡಿಯ ಫೋಟೊ ನೋಡಿ ತಲೆ ತುರಿಸಿಕೊಂಡ. "ಬಾದಾಮಿ ಕಲ್ಲಾಗಿದ್ದರ ಬೆಣ್ಣಿ ಹಂಗ ಕೊರೀತಿದ್ನಿ ಸರ. ಇದು ಉಳೀನ ತಿಂತದ" ಅಂದ. ಆದರೂ ಒಪ್ಪಿಕೊಂಡ. ನಾನು ಹೊಸ ಸಾಲು ಬರೆದೆ. ಈ ಸಲ ಹತ್ತು ನಿಮಿಷದಲ್ಲಿ ಆಗಲಿಲ್ಲ, ಹನ್ನೊಂದು ದಿನ ಬೇಕಾಯಿತು.

ನಮ್ಮೂರ ಹುಡುಗ.
ಹದಿನಾಲ್ಕು ವರ್ಷ ಸೇನೆಯ ಗಾಡಿ ಓಡಿಸಿದ.
ಗುಡ್ಡದ ಮೇಲೆ ಕಾಯುವವರಿಗೆ ಅಕ್ಕಿ, ಬೇಳೆ, ಎಣ್ಣೆ ಮುಟ್ಟಿಸಿದ.
'ಹಿಮ ಇತ್ತು. ಚೈನ್ ಹಾಕ್ದೆ. ಸಂಜಿಕೆ ಮುಟ್ಟಿದ್ವಿ.'

ಕೊನೆಯದು ನನ್ನದಲ್ಲ, ನೋಟ್‌ಬುಕ್ಕಿನದು. ಅವ್ವನ ಮುಂದೆ ಮತ್ತೆ ಓದಿದೆ. ಈ ಸಲ ಕಾಳು ಆರಿಸುವುದು ನಿಲ್ಲಿಸಲಿಲ್ಲ. "ಹದಿನಾಲ್ಕು ಅಲ್ಲ" ಅಂದಳು. "ಹದಿನಾಲ್ಕು ವರ್ಷ ಏಳು ತಿಂಗಳ."

ತಿದ್ದಿದೆ.

ಕಲ್ಲು ನಿಲ್ಲಿಸಿದ ದಿನ ಭಾಷಣ ಇತ್ತು, ಶಾಲು ಇರಲಿಲ್ಲ. ಹುಡುಗರು ಚಿನ್ನಿದಾಂಡು ಆಡುವ ಕಡೆಯಿಂದ ಬಂದ ಮಗ ಕಲ್ಲಿನ ಮುಂದೆ ನಿಂತು ಬಹಳ ಹೊತ್ತು ನೋಡಿದ. ಗಾಲಿ ಎಣಿಸಿದ. ಕನ್ನಡಿ ನೋಡಿದ. ಹಿಂದಿನ ತಾಡಪತ್ರಿಯ ಮಡಿಕೆಯ ಮೇಲೆ ಬೆರಳು ಆಡಿಸಿದ. ಆಮೇಲೆ ಕೆತ್ತಿದವನ ಕಡೆ ತಿರುಗಿದ.

"ಸ್ಟೆಪ್ನಿ ಎಲ್ಲೈತಿ?"

ಕೆತ್ತಿದವನು ಫೋಟೊ ತೆಗೆದು ನೋಡಿದ. ಕ್ಯಾಬಿನ್ ಹಿಂದೆ ಸ್ಟೆಪ್ನಿ ಇತ್ತು. ಅವನೇ ಬಿಟ್ಟಿದ್ದ. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗುವಾಗ ಅಗಸಿ ಮುಂದೆ ಟಕ್ ಟಕ್ ಸಪ್ಪಳ ಕೇಳುತ್ತಿತ್ತು. ಹುಡುಗ ಪಾಟಿ ಚೀಲ ಹೆಗಲಿಗೆ ಹಾಕಿಕೊಂಡು, ಫೋಟೊ ಎತ್ತಿ ಹಿಡಿದು, ಕಟ್ಟೆಯ ಮೇಲೆ ನಿಂತಿದ್ದ.